ಪಾಠ ಒಪ್ಪಿಸಿದರೇ ಆಪರೇಷನ್

ಅವರು ತೀರಿಕೊಂಡ ಮೇಲೆ ನಂಜನಗೂಡಿನ ಒಂದು ಛತ್ರದಲ್ಲಿ ಶ್ರದ್ಧಾಂಜಲಿ ಸಭೆ ಏರ್ಪಡಿಸಿದ್ದರು. ನಾನೂ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಒಬ್ಬರಾದ ಮೇಲೆ ಒಬ್ಬರು ಮೈಕ್ ಹಿಡಿದರು. ಡಾಕ್ಟರಮ್ಮ ಶಾಂತಮೂರ್ತಿಯಾಗಿದ್ದರಂತೆ. ಒಂದು ದಿನವೂ ಗಟ್ಟಿಯಾಗಿ ಮಾತನಾಡಿದವರಲ್ಲವಂತೆ. ರೋಗಿಗಳ ಕಡೆಯವರನ್ನು ಸ್ವಂತ ಬಂಧುಗಳ ಹಾಗೆ ಕಾಣುತ್ತಿದ್ದರಂತೆ. ಅವರು ಬಹುಕಾಲ ಆಪರೇಷನ್ ಮಾಡುತ್ತಿದ್ದ ನರ್ಸಿಂಗ್ ಹೋಮಿನ ಮಾಲೀಕರಂತೂ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು.

ಶಾಂತಮೂರ್ತಿ, ಮೈ ಫುಟ್! ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಈ ಮಾತು ಕೇಳಿಸಿಕೊಂಡಿದ್ದರೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಿಲ್ಲಿಸಲಿ. ಆ ಹೆಂಗಸು ಬೆಳಗಿನ ಕಾಫಿಯಿಂದ ಹಿಡಿದು ಸಂಜೆ ಕೊನೆಯ ಹೊಲಿಗೆ ಬಿಚ್ಚುವ ತನಕ ಸಿಟ್ಟಿನಲ್ಲೇ ಇದ್ದವರು. ಸಿಟ್ಟು ಅವರಿಗೆ ಸ್ಟೆತಾಸ್ಕೋಪ್ ಇದ್ದ ಹಾಗೆ, ಕುತ್ತಿಗೆಯಿಂದ ಇಳಿದದ್ದನ್ನು ನಾನು ಕಾಣೆ. ಬದುಕಿರುವ ತನಕ ಅದನ್ನು ಕಂಡು ಹೆದರಿದ ಊರಿನವರು, ಸತ್ತ ಮೇಲೆ ಅವರನ್ನು ಒಂದು ಮಾತೂ ಕೇಳದೆ ಅವರ ಸಿಟ್ಟನ್ನು ಕುಯ್ದು ತೆಗೆದುಬಿಟ್ಟರು. ಮೇಲೊಂದು ಗಂಧದ ಹಾರ.

ನಾನು ಆ ನರ್ಸಿಂಗ್ ಹೋಮಿನ ಮುಂದಿನ ಟೇಬಲ್ಲಿನವಳು. ತೊಂಬತ್ತರ ದಶಕದ ಶುರುವಿನಲ್ಲಿ, ನನ್ನವರು ಹೋದ ಮೇಲೆ, ಹೊತ್ತು ಹೋಗಲೆಂದು ಸೇರಿದ್ದೆ. ಬಂದವರನ್ನು ಕೂರಿಸುವುದು, ಹೆಸರು ಕರೆಯುವುದು, ಒಳಗೆ ಹೆಂಗಸರ ಪರೀಕ್ಷೆ ನಡೆಯುವಾಗ ಜೊತೆಗೆ ನಿಲ್ಲುವುದು ನನ್ನ ಕೆಲಸ. ಆ ಕಾಲಕ್ಕೆ ನಮ್ಮಂಥ ಊರುಗಳಲ್ಲಿ ಸರ್ಜನ್ ಎಂದರೆ ಎಲ್ಲಕ್ಕೂ ಒಬ್ಬರೇ. ಹರ್ನಿಯಾ ಅವರದೇ, ಅಪೆಂಡಿಕ್ಸ್ ಅವರದೇ, ಮೂಲವ್ಯಾಧಿ ಅವರದೇ, ಗರ್ಭಕೋಶವೂ ಅವರದೇ. ವಾರಕ್ಕೊಮ್ಮೆ ಟಿ. ನರಸೀಪುರಕ್ಕೆ ಹೋಗಿ ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಕುಯ್ಯಬೇಕಾದವರನ್ನು ನಂಜನಗೂಡಿಗೆ ಬರಹೇಳುತ್ತಿದ್ದರು. ನಾನೂ ಅವರ ಜೊತೆ ಅದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ.

ಆಳು ಗಿಡ್ಡ. ಥಿಯೇಟರಿನ ಟೇಬಲ್ ಎತ್ತರವಾಯಿತೆಂದು ಅಡುಗೆಮನೆಯ ಮಣೆಯೊಂದನ್ನು ತರಿಸಿ, ಅದರ ಮೇಲೆ ನಿಂತು ಆಪರೇಷನ್ ಮಾಡುತ್ತಿದ್ದರು. ಗಂಡಸರ ವಾಚು. ಮಧ್ಯಾಹ್ನದ ಊಟವೆಂದರೆ ನಿಂತಲ್ಲೇ ರಸಬಾಳೆಹಣ್ಣು. ಒಂದು ದಿನವೂ ಯಾರಿಗೂ "ಭಯಪಡಬೇಡಿ" ಎಂದು ಹೇಳಿದವರಲ್ಲ. "ಭಯ ಪಡಿ. ಆದ್ರೆ ಯಾವುದಕ್ಕೆ ಪಡ್ತಿದೀರಿ ಅಂತ ತಿಳ್ಕೊಂಡು ಪಡಿ," ಎನ್ನುತ್ತಿದ್ದರು.

ನಮ್ಮ ಕಡೆ ಒಂದು ಪದ್ಧತಿ. ಹೊಟ್ಟೆನೋವು ಒಬ್ಬರಿಗೆ, ವಿವರಣೆ ಇನ್ನೊಬ್ಬರದು. ರೋಗಿ ಸ್ಟೂಲಿನ ಮೇಲೆ ತಲೆ ಬಗ್ಗಿಸಿ ಕೂತಿದ್ದರೆ ಹಿಂದೆ ನಿಂತ ಭಾವಮೈದುನ ಹೇಳುತ್ತಾನೆ, "ಎಡಗಡೆ ನೋಯ್ತದೆ ಮೇಡಮ್ಮೋರೆ." ರೋಗಿ ಬಲಗಡೆ ಹಿಡಿದುಕೊಂಡಿರುತ್ತಾಳೆ. ಹೆಂಗಸಾದರಂತೂ ಮುಗಿಯಿತು. ಅತ್ತೆ, ಗಂಡ, ಗಂಡನ ಅಣ್ಣ, ಜೊತೆಗೆ ಬಂದ ಊರಿನ ಮುಖಂಡ ಎಲ್ಲರಿಗೂ ಅವಳ ಒಳಗಿನದು ಗೊತ್ತು, ಅವಳಿಗೊಬ್ಬಳಿಗೆ ಗೊತ್ತಿಲ್ಲ. ಡಾಕ್ಟರುಗಳೂ ಅಷ್ಟೆ. "ಪೇಷಂಟ್ ಕಡೆಯವರು ಯಾರು?" ಎಂದು ಕರೆದು ಅವರಿಗೇ ಹೇಳಿ ಕಳಿಸುತ್ತಿದ್ದರು.

ಈ ಡಾಕ್ಟರಮ್ಮನಿಗೆ ಆ 'ಕಡೆಯವರು' ಎಂಬ ಜಾತಿಯನ್ನು ಕಂಡರೇ ಆಗುತ್ತಿರಲಿಲ್ಲ. "ಕುಯ್ಯೋದು ನಾನು. ಕುಯ್ಯಿಸ್ಕೊಳ್ಳೋದು ಇವರು. ಮಿಕ್ಕೋರೆಲ್ಲ ಆಚೆ!" ಬಾಗಿಲು ಹಾಕಿದ ಮೇಲೆ ಪಾಠ ಶುರು. ಏನಾಗಿದೆ, ಏನೇನು ಮಾಡಬಹುದು, ಏನೂ ಮಾಡದಿದ್ದರೆ ಏನಾಗುತ್ತದೆ, ಮಾಡಿದರೆ ಏನು ಕೆಡಬಹುದು. ಎಲ್ಲ ಹೇಳಿ ಮುಗಿಸಿ, ಕಣ್ಣು ಮುಚ್ಚಿ ಕೂತು, "ಈಗ ನೀವು ನನಗೆ ಹೇಳಿ" ಎನ್ನುವರು. ರೋಗಿ ತನ್ನ ಆಪರೇಷನ್ನನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಲಾಗದಿದ್ದರೆ ಮುಂದಿನ ವಾರ ಬಾ. ಪಾಠ ಒಪ್ಪಿಸದವರಿಗೆ ಚಾಕು ಮುಟ್ಟಿಸುತ್ತಿರಲಿಲ್ಲ. ಎಮರ್ಜೆನ್ಸಿ ಬೇರೆ, ಆಗ ಮಾತಿಲ್ಲ, ಓಡುವುದೇ.

ಹುಲ್ಲಹಳ್ಳಿ ಕಡೆಯ ಒಬ್ಬ ರೈತ ಹರ್ನಿಯಾ ಇಟ್ಟುಕೊಂಡು ಬಂದಿದ್ದ. ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಊತ, ಕೆಮ್ಮಿದರೆ ಹೊರಗೆ, ಮಲಗಿದರೆ ಒಳಗೆ. ಹೊಟ್ಟೆಯ ಗೋಡೆಯಲ್ಲಿ ಕಿಂಡಿಯಾಗಿ ಕರುಳು ಹೊರಗೆ ತಳ್ಳುತ್ತದೆ, ಮೊದಲೆಲ್ಲ ಕಿಂಡಿಯ ಅಂಚುಗಳನ್ನು ಎಳೆದು ಹೊಲಿಯುತ್ತಿದ್ದೆವು, ಈಗ ಬಲೆಯಂಥ ತೇಪೆ ಬಂದಿದೆ, ಅದನ್ನಿಟ್ಟರೆ ಮತ್ತೆ ಬರುವುದು ಕಡಿಮೆ ಎಂದು ಹೇಳಿದರು. ಒಪ್ಪಿಸು ಎಂದಾಗ ಆತ ತಲೆ ಕೆರೆದುಕೊಂಡ.

"ಅದೇ ಕಣವ್ವ. ಸೈಕಲ್ ಟೈರ್ ಅರ್ದೋಗದೆ, ಒಳಗಿರೋ ಟೂಬು ಬುಡ್ಡೆ ಕಟ್ಕಂಡು ಈಚ್ಗೆ ಬತ್ತಾ ಅದೆ. ನೀವು ಒಳಗಡೆಯಿಂದ ಗೇಟ್ರು ತೇಪೆ ಕೂರಿಸ್ತೀರಿ."

"ಕೂರಿಸದೆ ಹಾಗೇ ಓಡಿಸಿದ್ರೆ?"

"ಒಂದಿನ ನಡೂ ದಾರೀಲಿ ಡಮಾರ್ ಅಂತದೆ."

"ಕೂರಿಸಿದ ಮೇಲೆ?"

"ಒಂದೆಲ್ಡು ತಿಂಗ್ಳು ಮೂಟೆ ಏರಂಗಿಲ್ಲ. ಏರುದ್ರೆ ನೀವು ಒಡೀತೀರಿ."

"ಹೊಡೀತೀನಿ," ಎಂದರು ಡಾಕ್ಟರಮ್ಮ. ನಗಲಿಲ್ಲ. ಆದರೆ ಅಂದಿನಿಂದ ಹರ್ನಿಯಾದವರಿಗೆಲ್ಲ ಟೈರಿನ ಪಾಠವೇ ಆಯಿತು.

ಪಿತ್ತಕೋಶದಲ್ಲಿ ಕಲ್ಲು ಎಂದು ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. ಕಲ್ಲು ಮಾತ್ರ ತೆಗೆದು ಚೀಲ ಬಿಡಬಾರದೇ? "ಹುಳ ಬಿದ್ದ ಡಬ್ಬಿ ಅದು. ಹುಳ ಹೆಕ್ಕಿ ಅದೇ ಡಬ್ಬೀಲಿ ಮತ್ತೆ ಅಕ್ಕಿ ತುಂಬ್ತೀರಾ?" ಎನ್ನುವರು. ಆಮೇಲೆ ತಾವೇ ಹೇಳುವರು, ನಾನು ಮಾಡಿದರೆ ಗೇಣುದ್ದ ಗಾಯ, ಮೈಸೂರಿನಲ್ಲಿ ಈಗ ಸಣ್ಣ ತೂತು ಮಾಡಿ ಟಿವಿಯಲ್ಲಿ ನೋಡಿಕೊಂಡು ತೆಗೆಯುತ್ತಾರೆ, ಬೇಗ ಎದ್ದು ಓಡಾಡುತ್ತೀರಿ, ಅಲ್ಲಿಗೇ ಹೋಗಿ. ಕೈಗೆ ಬಂದ ಪೇಷಂಟನ್ನು ಹೀಗೆ ಬಸ್ಸು ಹತ್ತಿಸುವುದನ್ನು ಕಂಡು ಮಾಲೀಕರಿಗೆ ಎದೆ ಉರಿಯುತ್ತಿತ್ತು.

ಹೌದು, ಸಭೆಯಲ್ಲಿ ಕಣ್ಣೊರೆಸಿಕೊಂಡರಲ್ಲ, ಅದೇ ಮಾಲೀಕರು. ಅವರೇ ಡಾಕ್ಟರಮ್ಮನನ್ನು ನರ್ಸಿಂಗ್ ಹೋಮಿನಿಂದ ಹೊರಗೆ ಹಾಕಿದ್ದು. "ಪೇಷಂಟ್ ಕಡೆಯವರ ಹತ್ತಿರ ನಿಮಗೆ ನಯ ಇಲ್ಲ ಮೇಡಂ, ಊರಲ್ಲಿ ಮಾತು ಬರ್ತಿದೆ" ಎಂದರು. ಅಲ್ಲಿಂದ ಆಚೆಗೆ, ಎರಡು ಸಾವಿರದ ಇಸವಿಗಳಲ್ಲಿ ಕೈ ನಡುಗತೊಡಗುವ ತನಕ, ಅವರು ನರಸೀಪುರದಲ್ಲೇ ಉಳಿದರು. ಊರಲ್ಲಿ ಮಾತು ಬಂದದ್ದು ಒಂದು ಆಪರೇಷನ್ನಿನಿಂದ. ಸಭೆಯಲ್ಲಿ ಅದನ್ನು ಯಾರೂ ಎತ್ತಲಿಲ್ಲ. ನಾನು ಎತ್ತುತ್ತೇನೆ.

ತಲಕಾಡಿನ ರಸ್ತೆಯಲ್ಲಿ, ಹೊಳೆಯಾಚೆಯ ಒಂದು ಹಳ್ಳಿಯ ದೇವಸ್ಥಾನದ ಅರ್ಚಕರ ಮನೆಯ ಸೊಸೆ. ಮೂವತ್ತು ದಾಟಿತ್ತು. ಎರಡು ಮಕ್ಕಳಾಗಿ, ಇನ್ನು ಆಗದ ಹಾಗೆ ಟ್ಯೂಬೆಕ್ಟಮಿಯೂ ಆಗಿತ್ತು. ತಿಂಗಳು ತಿಂಗಳೂ ವಿಪರೀತ ಬ್ಲೀಡಿಂಗ್, ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ನರಸೀಪುರದ ಕೋಣೆಗೆ ಅತ್ತೆ ಕರೆದುಕೊಂಡು ಬಂದಿದ್ದರು. ಗಂಡ ಹೊರಗೆ ಅಂಗಡಿಯ ಮೆಟ್ಟಿಲ ಹತ್ತಿರ ನಿಂತಿದ್ದ. ಸ್ಕ್ಯಾನಿಂಗ್ ಆಗಿತ್ತು. ಗರ್ಭಕೋಶದ ಗೋಡೆಯಲ್ಲಿ ಕಿತ್ತಳೆಯಷ್ಟು ಗಡ್ಡೆ. ಕ್ಯಾನ್ಸರ್ ಅಲ್ಲ, ಫೈಬ್ರಾಯ್ಡ್ ಎನ್ನುತ್ತಾರೆ, ಎಷ್ಟೋ ಹೆಂಗಸರಿಗೆ ಇರುತ್ತದೆ.

"ತೆಗೆದುಬಿಡಿ ಅಮ್ಮಾ," ಎಂದರು ಅತ್ತೆ. "ಎರಡಾಗಿದೆ, ಇನ್ನೇತಕ್ಕೆ ಅದು? ತಿಂಗಳಿಗೆ ಹತ್ತು ದಿನ ಇವಳು ಹೊರಗೆ ಕೂತರೆ ದೇವರ ನೈವೇದ್ಯಕ್ಕೆ ಮಡೀಲಿ ಅಡುಗೆ ಮಾಡೋರು ಯಾರು? ನನ್ನ ಕೈಲಿ ಆಗಲ್ಲ. ತೆಗೆದ್ರೆ ಮೂರು ದಿನದ್ದೂ ರಗಳೆ ಇರಲ್ಲ. ಪಕ್ಕದ ಮನೆಯವಳಿಗೆ ತೆಗೆಸಿದಾರೆ, ವರ್ಷ ಪೂರ್ತಿ ಮಡಿ."

ವರ್ಷ ಪೂರ್ತಿ ಮಡಿ! ಇಷ್ಟು ವರ್ಷವಾದರೂ ಆ ಎರಡು ಪದ ನೆನೆದರೆ ನನ್ನ ಬಿ.ಪಿ. ಏರುತ್ತದೆ. ರುಬ್ಬುವ ಕಲ್ಲಿನ ಬದಲು ಗ್ರೈಂಡರ್ ತಂದ ಹಾಗೆ, ಸೊಸೆಯ ಹೊಟ್ಟೆ ಕುಯ್ಯಿಸಿ ಅಡುಗೆಮನೆಗೆ ಅನುಕೂಲ ಮಾಡಿಕೊಳ್ಳುವುದು. ಮನೆಯಲ್ಲಿ ಇನ್ನೊಂದು ಜೊತೆ ಕೈ ಇರಲಿಲ್ಲವೇ? ಹೊರಗೆ ಮೆಟ್ಟಿಲ ಹತ್ತಿರ ನಿಂತಿತ್ತಲ್ಲ, ಮಡಿಗೇನೂ ಅಡ್ಡಿಯಿಲ್ಲದ ಜೊತೆ?

ಡಾಕ್ಟರಮ್ಮ ಸೊಸೆಯ ಕಡೆ ತಿರುಗಿದರು. "ನೀವು ಹೇಳಿ."

ಸೊಸೆ ಎದ್ದು ನಿಂತಳು. ನೆಲ ನೋಡುತ್ತ, ತಡವರಿಸದೆ, ಒಂದೇ ಉಸಿರಿನಲ್ಲಿ ಹೇಳಿದಳು. "ನನಗೆ ಗರ್ಭಕೋಶದಲ್ಲಿ ಗಡ್ಡೆ ಇದೆ. ಮಕ್ಕಳು ಆಗಿವೆ. ಗರ್ಭಕೋಶ ತೆಗೆಸಿಕೊಳ್ಳೋದು ನನ್ನ ಸ್ವಂತ ಇಚ್ಛೆ." ಡಾಕ್ಟರಮ್ಮನ ಕಟ್ಟಳೆ ಆ ಊರುಗಳಿಗೆಲ್ಲ ಗೊತ್ತಾಗಿ, ಅತ್ತೆ ಮನೆಯಲ್ಲೇ ಬಾಯಿಪಾಠ ಮಾಡಿಸಿ ತಂದಿದ್ದರು.

"ಚೆನ್ನಾಗಿ ಹೇಳಿದಿರಿ," ಎಂದರು ಡಾಕ್ಟರಮ್ಮ. "ಇದು ನಿಮ್ಮ ಅತ್ತೆಯವರ ಪಾಠ. ಅವರು ಪಾಸು. ಅಮ್ಮಾ, ನೀವು ಆಚೆ ಹೋಗಿ."

"ನಾನು ಯಾಕೆ ಹೋಗ್ಲಿ? ಹೆಂಗಸೇ ತಾನೆ ನಾನೂ?"

"ಹೊಟ್ಟೆ ನಿಮ್ಮದಲ್ಲ. ಆಚೆ!"

ಬಾಗಿಲು ಹಾಕಿ ಬಂದೆ. ಡಾಕ್ಟರಮ್ಮ ದಿಂಬೊಂದನ್ನು ಎತ್ತಿಕೊಂಡು, ಇದೇ ಗರ್ಭಕೋಶ ಎಂದುಕೊಳ್ಳಿ ಎಂದು ತೋರಿಸುತ್ತ ಹೇಳತೊಡಗಿದರು. ಮಾತ್ರೆ ಕೊಟ್ಟು ರಕ್ತ ಕಡಿಮೆ ಮಾಡಿ ಸ್ವಲ್ಪ ಕಾಲ ಕಾಯಬಹುದು, ಇಷ್ಟು ದೊಡ್ಡ ಗಡ್ಡೆಗೆ ಅದು ಬಹಳ ದಿನ ನಡೆಯಲಾರದು. ಗರ್ಭಕೋಶ ಪೂರ್ತಿ ತೆಗೆಯಬಹುದು, ಅದೇನು ಪಾಪವಲ್ಲ, ಬೇಕಾದವರಿಗೆ ನಾನೇ ತೆಗೆದಿದ್ದೇನೆ, ಸುಖವಾಗಿದ್ದಾರೆ. ಆದರೆ ಪಕ್ಕದ ಅಂಡಾಶಯಗಳನ್ನು ಸುಮ್ಮಸುಮ್ಮನೆ ತೆಗೆಯಬಾರದು, ಈ ವಯಸ್ಸಿಗೆ ಅದನ್ನೂ ಕಿತ್ತರೆ ಮೈಯೆಲ್ಲ ಉರಿ, ಮೂಳೆ ಸವೆತ. ಮೂರನೆಯದು, ಗಡ್ಡೆಯೊಂದನ್ನೇ ತೆಗೆದು ಕೋಶವನ್ನು ಹೊಲಿದು ಉಳಿಸುವುದು. ಅದರಲ್ಲಿ ರಕ್ತ ಹೋಗುವುದು ಜಾಸ್ತಿ. ನಿಲ್ಲದೇ ಹೋದರೆ ಜೀವ ಉಳಿಸಲು ಕೋಶ ತೆಗೆಯಲೇಬೇಕಾಗಬಹುದು. ಮುಂದೆ ಇನ್ನೊಂದು ಗಡ್ಡೆ ಬೆಳೆಯಲೂಬಹುದು. "ಹೇಳಿ ಈಗ."

ಅವಳು ದಿಂಬಿನ ಅಂಚನ್ನು ಬೆರಳಿನಿಂದ ಒತ್ತಿ ನೋಡಿದಳು.

"ಕಡುಬಿಗೆ ಹೂರಣ ತುಂಬಿರ್ತೀವಲ್ಲ ಮೇಡಂ. ಕಡುಬು ಹಾಳಾಗದ ಹಾಗೆ ಒಂದು ಕಡೆ ಬಿಡಿಸಿ, ಹೂರಣ ಮಾತ್ರ ತೆಗೆದು, ಮತ್ತೆ ಅಂಚು ಒತ್ತಿ ಮುಚ್ಚಿದ ಹಾಗೆ. ಅಂಚು ನಿಲ್ಲದೇ ಇದ್ರೆ ಕಡುಬೇ ತೆಗೀಬೇಕಾಗುತ್ತೆ. ಅದು ನಂಗೆ ಗೊತ್ತಾಯ್ತು. ಆ ಮೂರನೇದು ಮಾಡಿ."

"ಯಾಕೆ? ಮಕ್ಕಳು ಬೇಡ ನಿಮಗೆ. ಪೂರ್ತಿ ತೆಗೆದ್ರೆ ಗಡ್ಡೆ ಮತ್ತೆ ಬರೋ ಮಾತೇ ಇಲ್ಲ."

"ಹೇಳಿದ್ರೆ ನಗ್ತೀರಿ."

"ನಾನು ನಗೋದನ್ನ ಈ ಊರಲ್ಲಿ ಯಾರೂ ನೋಡಿಲ್ಲ. ಹೇಳಿ."

"ಆ ಮೂರು ದಿನ ಒಂದೇ ಮೇಡಂ ನಾನು ಕೂತ್ಕೊಳ್ಳೋದು." ಅವಳ ದನಿ ಸಣ್ಣದಾಯಿತು. "ಹಿತ್ತಿಲ ಕಡೆ ಒಂದು ಸಣ್ಣ ಕೋಣೆ ಇದೆ. ಯಾರೂ ಮುಟ್ಟಲ್ಲ, ಯಾರೂ ಕರೆಯಲ್ಲ, ತಟ್ಟೆ ತಂದು ಇಡ್ತಾರೆ. ನಿದ್ದೆ ಮಾಡ್ತೀನಿ. ಕಿಟಕೀಲಿ ಹೊಳೆ ಕಾಣುತ್ತೆ. ಹತ್ತು ದಿನ ರಕ್ತ ಹೋಗೋದು ಬೇಡ, ಸಾಯ್ತೀನಿ. ಆದ್ರೆ ಮೂರು ದಿನ ನಂಗೆ ಇರ್ಲಿ. ಅದನ್ನೂ ತೆಗೆಸಿದ್ರೆ ನಾನು ಯಾವಾಗ ಕೂತ್ಕೊಳ್ಳಲಿ?"

ಡಾಕ್ಟರಮ್ಮ ನಗಲಿಲ್ಲ. ನನಗೇ ಏನೂ ತೋಚದೆ, ಕಾನ್ವೆಂಟ್ ಬುದ್ಧಿ, "ಬಟ್ ಈಸ್ ದಟ್ ಎ ಮೆಡಿಕಲ್ ರೀಸನ್?" ಎಂದುಬಿಟ್ಟೆ. ಅವರು ನನ್ನ ಕಡೆ ತಿರುಗಿದ ರೀತಿಗೆ ನಾನು ಗೋಡೆಗೆ ಒರಗಿದೆ. "ಅವರತ್ತೆ ಹೇಳಿದ್ದು ಮೆಡಿಕಲ್ ರೀಸನ್ನಾ?" ಎಂದರು. ಅಷ್ಟೇ.

ಬಾಗಿಲು ತೆಗೆದು, "ಆಪರೇಷನ್ ಮಾಡ್ತೀನಿ. ಏನು ಮಾಡ್ತೀನಿ ಅನ್ನೋದು ಇವರಿಗೆ ಗೊತ್ತು, ಇವರನ್ನ ಕೇಳಿ," ಎಂದು ಅತ್ತೆಗೂ ಗಂಡನಿಗೂ ಎದುರಿಗೇ ಹೇಳಿದರು. ಗಂಡ ಹೆಂಡತಿಯ ಮುಖ ನೋಡಲಿಲ್ಲ. "ಎಷ್ಟು ದಿನ ಅಡುಗೆಗೆ ಆಗಲ್ಲ ಮೇಡಂ?" ಎಂದ.

"ಎರಡು ತಿಂಗಳು ಅವರು ತುಂಬಿದ ಕೊಡ ಎತ್ತಬಾರದು. ಅಷ್ಟರಲ್ಲಿ ನೀವೇ ಅನ್ನ ಬೇಯಿಸೋದು ಕಲೀರಿ. ದೇವರಿಗೂ ರುಚಿ ಬದಲಾಗುತ್ತೆ."

ರಕ್ತ ಏರಿಸಲು ಮಾತ್ರೆ, ಇಂಜೆಕ್ಷನ್ ಎಲ್ಲ ಆಗಿ, ಮೈಸೂರಿನಿಂದ ಬಾಟಲಿ ರಕ್ತ ತರಿಸಿ, ನಂಜನಗೂಡಿನಲ್ಲಿ ಆಪರೇಷನ್ ಆಯಿತು. ಅರಿವಳಿಕೆ ಕೊಡಲು ಬಂದ ಡಾಕ್ಟರು ಸಹ ಗಂಡನನ್ನು ಹುಡುಕಿದರು, "ಹಸ್ಬೆಂಡಿಗೆ ಎಕ್ಸ್‌ಪ್ಲೇನ್ ಮಾಡಿದೀರಾ?" ಎಂದು. "ಹಸ್ಬೆಂಡ್ ಹೊಟ್ಟೆ ಕುಯ್ಯೋ ದಿನ ಮಾಡ್ತೀನಿ" ಎಂದು ಡಾಕ್ಟರಮ್ಮ ಮಣೆ ಹತ್ತಿದರು. ಕೋಶ ಉಳಿಯಿತು. ಹೊರಗೆ ಬಂದಾಗ ಅವರ ಗೌನೆಲ್ಲ ಬೆವರು.

ತೆಗೆದದ್ದನ್ನು ಟ್ರೇಯಲ್ಲಿಟ್ಟು ಕಡೆಯವರಿಗೆ ತೋರಿಸುವುದು ಎಲ್ಲ ಕಡೆಯ ರೂಢಿ. ಡಾಕ್ಟರಮ್ಮ ರೋಗಿಗೆ ಎಚ್ಚರವಾದ ಮೇಲೆ ರೋಗಿಗೇ ತೋರಿಸುತ್ತಿದ್ದರು. ಆವತ್ತು ಆಯಾ ಹಳೆಯ ಅಭ್ಯಾಸದಲ್ಲಿ ಟ್ರೇ ಹಿಡಿದು ಬಾಗಿಲ ಹತ್ತಿರ ಹೋಗಿಬಿಟ್ಟಳು. ಬೆಳ್ಳಗಿನ, ಗುಂಡನೆಯ, ಗಟ್ಟಿ ಗಡ್ಡೆ. ಅತ್ತೆ ಸೆರಗು ಮೂಗಿಗೆ ಹಿಡಿದು ಬಗ್ಗಿ ನೋಡಿದರು.

"ಇಷ್ಟೇನಾ ಗರ್ಭಕೋಶ ಅಂದ್ರೆ? ಹೋಯ್ತಲ್ಲ ಪೀಡೆ."

ಡಾಕ್ಟರಮ್ಮ ಹಿಂದೆಯೇ ಇದ್ದರು. "ಏನು ತೆಗೆದಿದೀನಿ ಅಂತ ನಿಮ್ಮ ಸೊಸೇನ ಕೇಳಿ," ಎಂದರು.

"ಅವಳಿಗೇನು ಗೊತ್ತು? ಮಂಪರಲ್ಲಿ ಬಿದ್ದಿದ್ಲು."

ವಾರ್ಡಿನಲ್ಲಿ ಇದ್ದಷ್ಟು ದಿನ, ಹೊಲಿಗೆ ಬಿಚ್ಚಿದ ದಿನ, ಮನೆಗೆ ಹೊರಟ ದಿನ, ಪ್ರತಿಸಲವೂ ಡಾಕ್ಟರಮ್ಮ ಅದನ್ನೇ ಹೇಳಿದರು. ಅವರನ್ನ ಕೇಳಿ. ಏನೂ ಮುಚ್ಚಿಡಲಿಲ್ಲ, ಸುಳ್ಳು ಹೇಳಲಿಲ್ಲ. ಆ ಅತ್ತೆಗಾಗಲಿ, ಗಂಡನಿಗಾಗಲಿ, ಮಾಲೀಕರಿಗಾಗಲಿ ಕೇಳಬೇಕೆಂದು ಹೊಳೆಯಲೇ ಇಲ್ಲ. ಕುಯ್ಯಿಸಿಕೊಂಡವಳ ಬಾಯಿಂದ ಒಂದು ಸುದ್ದಿ ಬರಬಹುದೆಂಬ ಕಲ್ಪನೆಯೇ ಅವರಿಗಿರಲಿಲ್ಲ. ನನಗೆ ಇಂದಿಗೂ ಸಿಟ್ಟು ಬರುವುದು ಅವರ ಮಡಿಗಲ್ಲ, ಇದಕ್ಕೆ.

ಒಂದು ತಿಂಗಳು ಕಳೆದಿರಬೇಕು. ಬೆಳಿಗ್ಗೆ ನಾನಿನ್ನೂ ಟೇಬಲ್ ಒರೆಸುತ್ತಿದ್ದೆ. ಅತ್ತೆ ಬಿರುಗಾಳಿಯ ಹಾಗೆ ಒಳಗೆ ನುಗ್ಗಿದರು. ಹಿಂದೆ ಮಗ. ಅವರಿಬ್ಬರಿಗೂ ತಾಕದಷ್ಟು ದೂರದಲ್ಲಿ, ತೋಳು ಮೈಗೆ ಒತ್ತಿಕೊಂಡು, ಸೊಸೆ. ಮುಖದಲ್ಲಿ ಬಣ್ಣ ಬಂದಿತ್ತು.

"ಕರೀರಿ ನಿಮ್ಮ ಡಾಕ್ಟರನ್ನ! ನಿನ್ನೆ ಬೆಳಿಗ್ಗೆ ನೀರೊಲೆ ಹಚ್ಚೋಕೆ ಹೋದ್ರೆ ಇವಳು ಚಾಪೆ ಎತ್ಕೊಂಡು ಹಿತ್ತಿಲ ಕೋಣೆಗೆ ಹೊರಟಿದಾಳೆ. ಎಲ್ಲಿಗೇ ಅಂದ್ರೆ, ಹೊರಗಾಗಿದೀನಿ ಅಂತಾಳೆ! ತೆಗೆದ ಮೇಲೂ ಹೊರಗಾಗೋದುಂಟೇನ್ರೀ? ಏನು ತೆಗೆದ್ರಿ ನೀವು? ಮೋಸ ಮಾಡಿದ್ರಾ?"

ಮಾಲೀಕರು ಒಳಗಿನಿಂದ ಓಡಿಬಂದು, ಕಾಯುತ್ತಿದ್ದ ರೋಗಿಗಳ ಎದುರಿಗೇ ಕೈ ಮುಗಿಯುತ್ತ, "ಕೂತ್ಕೊಳ್ಳಿ ಅಮ್ಮಾ, ಸಮಾಧಾನ, ಏನಾಗಿದ್ರೂ ಸರಿ ಮಾಡಿಸೋಣ," ಎಂದರು. ಸರಿ ಮಾಡಿಸುವುದಂತೆ, ಹೌ ಡೇರ್ ಹೀ! ಡಾಕ್ಟರಮ್ಮ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು.

"ನಾನು ಎಷ್ಟು ಸಲ ಹೇಳಿದೀನಿ? ಅವರನ್ನ ಕೇಳಿ."

ಅತ್ತೆ ಕೊನೆಗೆ ಸೊಸೆಯ ಕಡೆ ತಿರುಗಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಇರಬೇಕು.

"ಏನೇ ತೆಗೆದ್ರು ನಿಂಗೆ?"

"ಗಡ್ಡೆ ಅಮ್ಮಾ. ಗಡ್ಡೆ ಒಂದೇ." ನೆಲ ನೋಡದೆ ಹೇಳಿದಳು. "ಗರ್ಭಕೋಶ ಇದೆ, ಅಂಡಾಶಯಾನೂ ಇದೆ. ಹತ್ತು ದಿನ ಹೋಗ್ತಿದ್ದದ್ದು ಇನ್ನು ಮೂರು ದಿನಕ್ಕೆ ನಿಲ್ಲುತ್ತೆ. ಮತ್ತೆ ಗಡ್ಡೆ ಬಂದ್ರೂ ಬರಬಹುದು, ಅದಕ್ಕೆ ವರ್ಷಕ್ಕೊಂದ್ಸಲ ತೋರಿಸ್ಬೇಕು. ಹೀಗೇ ಮಾಡಿ ಅಂತ ನಾನೇ ಕೇಳ್ದೆ."

ಮಗ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಅತ್ತೆ ಡಾಕ್ಟರಮ್ಮನ ಕಡೆ ತಿರುಗಿ, "ಹಾಗಾದ್ರೆ ಇನ್ನೊಂದ್ಸಲ ಕುಯ್ದು ಅದನ್ನೂ ತೆಗೀರಿ," ಎಂದರು.

ಡಾಕ್ಟರಮ್ಮ ಬಾಳೆಹಣ್ಣು ಹಿಡಿದ ಕೈಯನ್ನು ಸುಮ್ಮನೆ ಸೊಸೆಯ ಕಡೆ ಚಾಚಿದರು.

"ಬೇಡ," ಎಂದಳು ಅವಳು. ಆಮೇಲೆ ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿ, ನರಸೀಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. "ಇವತ್ತು ಎರಡನೇ ದಿನ ಮೇಡಂ. ನಾನು ಹೋಗಿ ಕೂತ್ಕೋಬೇಕು."